ಆಚೆ ದಡದ ಕೂಗು

ಎರ್ರಿಸ್ವಾಮಿ ಅಂದರೆ ಸರ್ಕಾರದ ಎಪ್ಪತ್ತಮೂರು ಸೇವೆಗಳನ್ನು ಮೊಬೈಲಿಗೆ ಇಳಿಸಿದ ಪ್ರಾದೇಶಿಕ ಅಧಿಕಾರಿ. ಅವನ ವಿಭಾಗದಲ್ಲಿ ಮಗು ಅಳುವ ಮೊದಲೇ ಜನನ ಪ್ರಮಾಣಪತ್ರ ಬಂದು ತೊಟ್ಟಿಲಲ್ಲಿ ಮಲಗಿರುತ್ತಿತ್ತು. ಒಬ್ಬ ಮುದುಕನಿಗೆ ಮರಣ ಪ್ರಮಾಣಪತ್ರವೇ ಮೊದಲು ತಲುಪಿ, ಸರ್ಕಾರದ ಮಾತು ಸುಳ್ಳಾಗಬಾರದೆಂದು ಆತ ಎರಡು ದಿನ ಊಟ ಬಿಟ್ಟಿದ್ದ.

ಒಂದು ಬೆಳಗಿನ ಜಾವ ಎರ್ರಿಸ್ವಾಮಿ ತನ್ನ ಗುರು ಮರುಳಪ್ಪಜ್ಜಾರ ಆಶ್ರಮಕ್ಕೆ ಬಂದ. ಹೊಳೆಯ ಮೇಲೆ ಎಂಥ ಮಂಜು ಅಂದರೆ, ಕೊಕ್ಕರೆಗಳು ಅದರ ಮೇಲೆಯೇ ಕೂತು ತೂಕಡಿಸುತ್ತಿದ್ದವು.

“ಅಜ್ಜಾರೇ, ಆಶೀರ್ವಾದ ಮಾಡ್ರಿ. ಇವತ್ತು ಕಚೇರಿಗಳ ಕೌಂಟರುಗಳನ್ನೆಲ್ಲ ಮುಚ್ಚೋ ಆದೇಶಕ್ಕೆ ಸಹಿ ಹಾಕ್ತೀನಿ.”

“ಆಮೇಲೆ ಜನ ಎಲ್ಲಿ ಕೇಳಬೇಕು?”

“ಮೊಬೈಲಲ್ಲಿ. ಕೇಳಿದ ಕೂಡಲೇ ಠಣ್ ಅಂತ ಉತ್ತರ ಬರ್ತದೆ, ‘ನಿಮ್ಮ ಅರ್ಜಿ ತಲುಪಿದೆ’ ಅಂತ.”

“ಉತ್ತರ ಕೊಡೋರು ಯಾರು?”

“ಯಾರೂ ಇಲ್ಲ ಅಜ್ಜಾರೇ. ಅದೇ ಅದರ ಹೆಚ್ಚುಗಾರಿಕೆ.”

ಅಜ್ಜಾರು ಹರಿಗೋಲನ್ನು ನೀರಿಗೆ ಇಳಿಸಿದರು. “ಹತ್ತಿ ಕುಂದ್ರು.”

ಹರಿಗೋಲು ತಿರುಗಿತು. ದಡ, ಮಂಜು, ಅಜ್ಜಾರ ಗಡ್ಡ, ಮತ್ತೆ ದಡ. ಎರ್ರಿಸ್ವಾಮಿಗೆ ಜೊಂಪು ಹತ್ತಿತು. ಎಪ್ಪತ್ತಮೂರು ಸೇವೆಗಳೂ ಮೀನುಗಳಾಗಿ ತನ್ನ ಕೆಳಗೆ ಸಾಲಾಗಿ ಈಜುತ್ತಿವೆ ಅನ್ನಿಸಿತು.

ಆಚೆ ದಡದಲ್ಲಿ ಅಜ್ಜಾರು ಅವನನ್ನು ಇಳಿಸಿದರು.

“ವಾಪಸ್ ಬರಬೇಕು ಅನ್ನಿಸಿದಾಗ ಕೂಗು” ಅಂದವರೇ ಹರಿಗೋಲು ತಿರುಗಿಸಿಕೊಂಡು ಮಂಜಿನೊಳಗೆ ಹೊರಟುಹೋದರು.

ಮೊಬೈಲಿಗೆ ನೆಟ್‌ವರ್ಕ್ ಇರಲಿಲ್ಲ. ಸ್ವಲ್ಪ ಹೊತ್ತು ನೋಡಿ ಎರ್ರಿಸ್ವಾಮಿ ಕೂಗಿದ. “ಅಜ್ಜಾರೇ, ನಾನು ಹೊರಡಬೇಕು.”

ಆಶ್ರಮದ ಕಡೆಯಿಂದ ಗಂಟೆಯ ಸದ್ದು ಬಂತು. ಠಣ್.

“ಚಳಿ ಆಗ್ತಿದೆ ಅಜ್ಜಾರೇ.”

ಠಣ್.

ನೀರಲ್ಲಿ ತೇಲುತ್ತಿದ್ದ ಮರದ ದಿಮ್ಮಿಯೊಂದು ಕಣ್ಣು ಬಿಟ್ಟಿತು.

“ಅಜ್ಜಾರೇ, ಮೊಸಳೆ.”

ಠಣ್.

ಚಳಿಗೆ ಹೊಡೆದ ಹಾಗೆಯೇ ಮೊಸಳೆಗೂ ಹೊಡೆಯಿತು ಆ ಗಂಟೆ. ಎರ್ರಿಸ್ವಾಮಿ ಬಂಡೆಯೊಂದನ್ನು ಹತ್ತಿ, ಆದೇಶದ ಕಾಗದವಿದ್ದ ಜೇಬನ್ನು ಅವುಚಿಕೊಂಡು ಕೂತ. ಗಂಟಲು ಕಟ್ಟುವವರೆಗೂ ಕೂಗಿದ. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದ. “ಅಲ್ಲಿ ಯಾರಾದರೂ ಇದ್ದೀರಾ?”

“ಓ ತಮ್ಮಾ,” ಮಂಜಿನೊಳಗಿಂದ ಅಜ್ಜಾರ ದನಿ ಬಂತು. “ಬಂಡೆ ಮೇಲೇ ಇರು. ಬರ್ತಿದೀನಿ.”

ಹರಿಗೋಲು ಬರಲು ಇನ್ನೂ ಒಂದು ತಾಸು ಹಿಡಿಯಿತು. ಆ ಒಂದು ತಾಸು ಅವನಿಗೆ ಚಳಿಯೇ ಆಗಲಿಲ್ಲ. ಕಾದು ಕಾದು ಬೇಸತ್ತ ಮೊಸಳೆ ಆಕಳಿಸಿ ಮುಳುಗಿತು.

“ಗಂಟೆ ಕೇಳಿಸಲಿಲ್ಲೇನು?” ಹರಿಗೋಲಲ್ಲಿ ಅಜ್ಜಾರು ಕೇಳಿದರು.

“ಪ್ರತಿ ಸಲವೂ ಕೇಳಿಸ್ತು.”

“ಮತ್ಯಾಕೆ ಕೂಗ್ತಾನೇ ಇದ್ದೆ?”

ಎರ್ರಿಸ್ವಾಮಿ ನಡುಹೊಳೆಯಲ್ಲಿ ಜೇಬಿನಿಂದ ಕಾಗದ ತೆಗೆದ. ಮಂಜಿಗೆ ಅದು ಮೆತ್ತಗಾಗಿತ್ತು.

“ಇದನ್ನ ಏನು ಮಾಡಲಿ ಅಜ್ಜಾರೇ?”

ಅಜ್ಜಾರು ಹಿಂದಕ್ಕೆ ತಿರುಗಿ ಕಿವಿಗೊಟ್ಟರು. ಆಮೇಲೆ ಹುಟ್ಟನ್ನು ಅವನ ಕೈಗೆ ಕೊಟ್ಟರು.

“ನೀನಿದ್ದ ದಡದಲ್ಲಿ ಯಾರೋ ಕೂಗ್ತಿದಾರೆ. ಹುಟ್ಟು ಆಮೇಲೆ ಹಾಕು ತಮ್ಮಾ, ಮೊದಲು ಓ ಅನ್ನು.”