ಬಿರುಕಿನ ಮೇಲಿನ ಗಾಜು

"ಗುರುಗಳೇ, ಎಲ್ಲರೂ ಮುರಿಯುವ ನಿಯಮವನ್ನು ಒಬ್ಬನೇ ಪಾಲಿಸಿದರೆ ಏನು ಫಲ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಬಂದರಿನ ಪಟ್ಟಣವೊಂದರ ಇಗರ್ಜಿಯಲ್ಲಿ ಒಂದು ನಿಯಮವಿತ್ತು. ಗೋಪುರದ ಬುಡದ ಬಿರುಕಿಗೆ ಅಡ್ಡಲಾಗಿ ಅಂಟಿಸಿದ ಗಾಜಿನ ಪಟ್ಟಿ ಒಡೆದರೆ, ಮೊದಲು ಜನರನ್ನು ಹೊರಗೆ ಕಳಿಸಬೇಕು. ಆಮೇಲೆ ಮೇಸ್ತ್ರಿಯನ್ನು ಕರೆಸಬೇಕು.

ಅದು ಗಾಥಿಕ್ ಶೈಲಿಯ ಇಗರ್ಜಿ. ಮೊನಚು ಕಮಾನುಗಳು ಭಾರವನ್ನು ಪಕ್ಕಕ್ಕೆ ತಳ್ಳುತ್ತವೆ, ಹೊರಗಿನ ಒತ್ತುಗೋಡೆಗಳು ತಡೆದು ನಿಲ್ಲುತ್ತವೆ. ಕಟ್ಟಿ ನೂರು ವರ್ಷವಾದ ಮೇಲೆ, ಪಕ್ಕದ ಊರಿನದಕ್ಕಿಂತ ಎತ್ತರವಾಗಲಿ ಎಂದು ಗೋಪುರಕ್ಕೆ ಇನ್ನೊಂದು ಅಂತಸ್ತು ಏರಿಸಿದರು. ಬುಡ ಬಿರುಕು ಬಿಟ್ಟಿತು. "ಕಲ್ಲು ಸರಿದದ್ದು ಕಾಣುವುದಿಲ್ಲ, ಗಾಜು ಒಡೆದದ್ದು ಕಾಣುತ್ತದೆ" ಎಂದು ಮೇಸ್ತ್ರಿ ಆ ಪಟ್ಟಿ ಅಂಟಿಸಿ ಹೋದ.

ಬಂದವರೆಲ್ಲ ತಲೆಯೆತ್ತಿ ಕಿಟಕಿಗಳ ಬಣ್ಣದ ಗಾಜಿನಲ್ಲಿ ಸಂತರನ್ನು ನೋಡುತ್ತಿದ್ದರು. ಮೊಣಕಾಲೆತ್ತರದ ಈ ಬಣ್ಣವಿಲ್ಲದ ಗಾಜನ್ನು ನೋಡುವವನು ಕಾವಲುಗಾರನೊಬ್ಬನೇ.

ಹೊಸ ಕಾವಲುಗಾರ ಹಬ್ಬದ ಬೆಳಿಗ್ಗೆ ನೋಡಿದಾಗ ಅದು ನಡುವೆ ಸೀಳಿತ್ತು. ಇನ್ನೊಂದು ಗಂಟೆಯಲ್ಲಿ ಸಾವಿರ ಜನ ಒಳಗೆ ಬರುವವರಿದ್ದರು. ಅವರಲ್ಲಿ ಅವನ ಬಸುರಿ ಹೆಂಡತಿಯೂ ಒಬ್ಬಳು.

ಹಳೆಯ ಕಾವಲುಗಾರನ ಬಳಿಗೆ ಓಡಿದ. ಮುದುಕ ಕಪಾಟು ತೆರೆದು ಅದೇ ಅಳತೆಯ ಹೊಸ ಪಟ್ಟಿಯೊಂದನ್ನು ಕೊಟ್ಟ. ಒಳಗೆ ಇನ್ನೂ ಹತ್ತಾರಿದ್ದವು. ಮೊದಲಿನ ಪಟ್ಟಿಯೇ ಎಂದು ತೋರುವಂತೆ ಎಲ್ಲದರ ಮೇಲೂ ಮೇಸ್ತ್ರಿಯ ಕಾಲದ ತಾರೀಕು ಮೊದಲೇ ಕೊರೆದಿತ್ತು.

"ಅಂಟಿಸಿಬಿಡು ಮಾರಾಯ. ನಾನು ನಾಲ್ಕು ಸಲ ಅಂಟಿಸಿದ್ದೇನೆ. ನನ್ನ ಹಿಂದಿನವನು ಎಷ್ಟು ಸಲವೋ."

"ಹಾಗಾದರೆ ಗೋಡೆ ಎಷ್ಟು ಸರಿದಿದೆ ಎಂದು ಯಾರಿಗೆ ಗೊತ್ತು?"

"ಗೊತ್ತಾದರೆ ನಿದ್ದೆ ಬರುತ್ತದೆಯೇ?" ಎಂದು ಮುದುಕ ನಕ್ಕ.

ಪಾದ್ರಿಗಳಿಗೂ ಊರಿನ ಹಿರಿಯರಿಗೂ ಆ ಕಪಾಟು ಗೊತ್ತಿತ್ತು. ಅವರ ಬಳಿ ಹೋಗಿ ಹೇಳಿದರೆ, ಬಿಷಪರು ದಾರಿಯಲ್ಲಿದ್ದಾರೆ, ಇವತ್ತೊಂದು ದಿನ ಅಂಟಿಸು, ಆಗದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು.

ಅವನು ಪಟ್ಟಿ ಹಿಡಿದು ಬಿರುಕಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಏನೂ ಆಗದಿದ್ದರೆ ಊರಿಗೆ ಊರೇ ನಗುತ್ತದೆ. ಕೆಲಸವೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ. ಹೊರಗೆ ಆಗಲೇ ಜನರ ಮಾತು ಕೇಳಿಸುತ್ತಿತ್ತು. ಹಳೆಯ ಅಂಟನ್ನು ಉಗುರಿನಿಂದ ಕೆರೆದ. ಗಾಜಿನ ಅಳತೆಗೆಂದು ಮೇಸ್ತ್ರಿ ಬಿರುಕಿನ ಎರಡೂ ಬದಿಗೆ ಕೊರೆದ ಗೆರೆಗಳು ಕಂಡವು. ಪಟ್ಟಿಯ ಒಂದು ತುದಿಯನ್ನು ಈಚೆಯ ಗೆರೆಗೆ ಹಿಡಿದ. ಇನ್ನೊಂದು ತುದಿ ಆಚೆಯ ಗೆರೆಯನ್ನು ಮುಟ್ಟಲಿಲ್ಲ. ಒಂದು ಬೆರಳಗಲ ಕಡಿಮೆ ಬಿತ್ತು.

ಎದ್ದ. ಪೀಠಕ್ಕೆ ಹೂ ಜೋಡಿಸುತ್ತಿದ್ದವರನ್ನು ತೋಳು ಹಿಡಿದು ಹೊರಗೆ ಕಳಿಸಿದ. ದೊಡ್ಡ ಬಾಗಿಲಿಗೆ ಬೀಗ ಜಡಿದು ಮೆಟ್ಟಿಲ ಮೇಲೆ ನಿಂತ. ಹಿರಿಯರು ಬೈದರು, ಜನ ಉಗಿದರು. ಬಿಷಪರೇ ಬಂದು ಕೈ ಚಾಚಿದರೂ ಕೀಲಿ ಕೊಡಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: "ಗೋಪುರ ಬಿತ್ತೇ?"

"ಅದು ತಿಳಿಯಲಿ ಎಂದು ಕಾಯುವವನಾಗಿದ್ದರೆ ಅವನೂ ಗಾಜು ಅಂಟಿಸುತ್ತಿದ್ದ."