ದೀಪ ದೊಡ್ಡದು ಮಾಡು

ನಿಂಬವ್ವಜ್ಜಿಯ ಪಡಸಾಲೆಯ ಸೂರಿನುದ್ದಕ್ಕೂ ಅಂಟಿಕೊಂಡಿದ್ದ ಹೊಸ ಎಲ್‌ಇಡಿ ಪಟ್ಟಿ, ಮೊಳೆಗೆ ತೂಗುತ್ತಿದ್ದ ಹಳೆಯ ಕಂದೀಲಿಗೆ ಹೇಳಿತು: “ನನ್ನನ್ನು ಮಾಡಿದವರು ಜಾಣರು. ಯಾವ ಮೂಲೆಗೆ ಬೇಕಾದರೂ ಬಾಗುತ್ತೇನೆ. ಬಾಯಿಮಾತು ಸಾಕು, ಬೆಳಕು ಏರಿಸುತ್ತೇನೆ, ಇಳಿಸುತ್ತೇನೆ.”

“ಮಾತು ತಿಳಿದರೆ ಸರಿ,” ಎಂದಿತು ಕಂದೀಲು.

ಬೆಳಗಾಯಿತು. ಅಜ್ಜಿ ಕಿಟಕಿ ತೆರೆದು, “ಬೆಳಕು ಹರೀತು, ದೀಪ ದೊಡ್ಡದು ಮಾಡಪ್ಪಾ” ಅಂದಳು. ರಾತ್ರಿಯಿಡೀ ಮಂದವಾಗಿ ಉರಿಯುತ್ತಿದ್ದ ಪಟ್ಟಿ ಧಗ್ಗನೆ ಬೆಳಗಿತು. ಅಜ್ಜಿ ಕಣ್ಣು ಮುಚ್ಚಿಕೊಂಡು, “ದೊಡ್ಡದು ಮಾಡೋ!” ಎಂದು ಕೂಗಿದಳು. ಪಟ್ಟಿ ಇದ್ದಬದ್ದ ಬೆಳಕನ್ನೆಲ್ಲ ಸುರಿಯಿತು. “ಇದನ್ನ ಇವತ್ತೇ ಕಿತ್ತು ಒಗಸ್ತೀನಿ” ಎಂದು ಅಜ್ಜಿ ಹೊರನಡೆದಳು.

“ಹೇಳಿದಂತೆಯೇ ಮಾಡಿದೆನಲ್ಲ!” ಎಂದು ಪಟ್ಟಿ ಅತ್ತಿತು.

“ಆರಿಸು ಎಂಬ ಮಾತನ್ನು ಅವಳು ದೀಪಕ್ಕೆ ಆಡುವವಳಲ್ಲ, ಅದು ಅಪಶಕುನ,” ಎಂದಿತು ಕಂದೀಲು. “ಅದಕ್ಕೇ ದೊಡ್ಡದು ಮಾಡು ಅನ್ನುತ್ತಾಳೆ. ದಿನವೂ ಹಾಗೆ ಹೇಳಿಯೇ ನನ್ನ ಬತ್ತಿ ಇಳಿಸುತ್ತಿದ್ದಳು. ಊರಿಗೆ ಕರೆಂಟು ಬಂದು ನನ್ನನ್ನು ಈ ಮೊಳೆಗೆ ಹಾಕಿದ ದಿನವೂ ಗಾಜು ಒರೆಸಿ, ‘ದೊಡ್ಡವನಾದೆಯಪ್ಪಾ’ ಅಂದಳು.”

ಪಟ್ಟಿ ತನ್ನ ಬೆಳಕನ್ನು ಮೆಲ್ಲಗೆ ಇಳಿಸುತ್ತ ಇಳಿಸುತ್ತ ದೊಡ್ಡದಾಯಿತು.