ಪೇಟೆ ತೋಟದ ಬೀಗ

“ಕೇಳ್ರಪ್ಪೋ ಕೇಳಿ! ತೀರಿಹೋದ ರಾಜಕುಮಾರಿಯ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತೆ. ತಪ್ಪಿದವರ ತಲೆ ಹೋಗುತ್ತೆ!” ಎಂದು ಹೊನ್ನಾಪುರದ ಪೇಟೆಯಲ್ಲಿ ಡಂಗುರ ಹೊಡೆಸಿದರು.

ನೀರು ಹೊರುವ ಜವರ ಅದನ್ನು ಕೇಳಿದ್ದು ಪೇಟೆ ನಡುವಿನ ಪುಟ್ಟ ತೋಟದ ಕದದ ಮುಂದೆ. ಊರಿಗೆಲ್ಲ ಸೇರಿದ ಆ ತೋಟದಲ್ಲೇ ಕುಮಾರಿ ಆಡಿ ಬೆಳೆದದ್ದು. ಜ್ವರದಲ್ಲಿ ಮಲಗಿ ಅವಳು ಒಗಟು ಕೇಳಿದಾಗ ರಾಜ, “ನಾಳೆ ಹೇಳ್ತೀನಿ ಕಂದ” ಎಂದು ಸಭೆಗೆ ಎದ್ದುಹೋಗಿದ್ದ. ಆ ನಾಳೆಯನ್ನು ಭಗವಂತ ಮಗುವಿಗೆ ಕೊಡಲಿಲ್ಲ. ದುಃಖದಲ್ಲಿ ರಾಜ ತೋಟಕ್ಕೆ ಬೀಗ ಹಾಕಿಸಿದ. ಮಳೆಯೂ ಹೋಯಿತು. ನೀರು ತುಂಬುವವರಿಲ್ಲದೆ ಕಲ್ಲುಬಾನಿ ಬತ್ತಿ, ಅಳಿಲುಗಳು ಬಾಯಾರಿ ಮರದಿಂದ ಉದುರುತ್ತಿದ್ದವು.

“ಶಿವನೇ, ತಲೆ ನಿನ್ನದು” ಎಂದು ಜವರ ಅರಮನೆಗೆ ನಡೆದ.

ಉತ್ತರ ಬಲ್ಲವಳು ಕುಮಾರಿಯ ದಾದಿ ದೇವೀರಿ ಒಬ್ಬಳೇ. ಸಭೆಯಲ್ಲಿ ನೆರೆದವರನ್ನು ಅವಳು ಕೇಳಿದಳು: “ಹೆತ್ತವಳು ಬಿಟ್ಟುಹೋದಳು, ಮೋಸಹೋದವಳು ತುತ್ತಿಟ್ಟು ಸಾಕಿದಳು. ಯಾರವಳು?”

“ನಿನ್ನಂಥ ದಾದಿ ಕಣಜ್ಜೀ!” ಎಂದು ದಳವಾಯಿಯ ಮಗ ಚಾಮಯ್ಯ ನಕ್ಕ. ತಲೆ ಕಡಿಯುವ ಹೊತ್ತಿನವರೆಗೆ ಇಡಲು ಭಟರು ಅವನನ್ನು ಸೆರೆಗೆ ಎಳೆದೊಯ್ದರು. “ಭೂಮಿತಾಯಿ” ಎಂದ ಪಂಡಿತನೂ ಹಿಂದೆಯೇ ಹೋದ.

“ಕಾಗೆ, ತಾಯೀ” ಎಂದ ಜವರ. “ತನ್ನ ಗೂಡಲ್ಲಿ ಕೋಗಿಲೆ ಮೊಟ್ಟೆಯಿಟ್ಟದ್ದು ಪಾಪ ಅದಕ್ಕೆ ಗೊತ್ತಾಗೋದಿಲ್ಲ.”

“ಮೈತುಂಬ ಹಣ್ಣು, ಹೂ ಕಂಡವರಿಲ್ಲ. ಹೂವೆಲ್ಲಿ ಹೋಯ್ತು?”

“ಅತ್ತಿಮರ. ಹೂವನ್ನೆಲ್ಲ ಕಾಯೊಳಗೇ ಮುಚ್ಚಿಟ್ಟುಕೊಂಡಿರ್ತದೆ.”

ದೇವೀರಿಯ ದನಿ ನಡುಗಿತು. “ಮಣ್ಣಿಗೆ ಬಿದ್ದ ಹೂವನ್ನು ದೇವರಿಗೆ ಏರಿಸೋದಿಲ್ಲ. ಬಿದ್ದರೂ ದೇವರು ಒಲ್ಲೆ ಅನ್ನದ ಹೂ ಯಾವುದು?”

ಲಂಗದ ತುಂಬ ನೆಲದ ಹೂ ಆಯ್ದುಕೊಂಡು ಗುಡಿಗೆ ಓಡುತ್ತಿದ್ದ ಮಗು ಜವರನ ಕಣ್ಣಮುಂದೆ ಬಂತು.

“ಪಾರಿಜಾತ, ತಾಯೀ. ಅದನ್ನ ನೆಲದಿಂದಲೇ ಆಯ್ದು ಪೂಜೆಗೆ ತರ್ತಾರೆ.”

ದೇವೀರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ತಲೆಯಾಡಿಸಿದಳು. ರಾಜ ಸಿಂಹಾಸನದಿಂದ ಇಳಿದು ಬಂದ.

“ನನ್ನ ಕೂಸೂ ಬಿತ್ತಲ್ಲೋ ಜವರ!”

“ಆ ಶಿವನೇ ಎತ್ತಿಕೊಂಡಿದ್ದಾನೆ, ಬುದ್ಧಿ.”

ರಾಜ ಬಹಳ ಹೊತ್ತು ಅತ್ತ. ಆಮೇಲೆ, “ಏನು ಬೇಕೋ ಕೇಳು, ಅರ್ಧ ರಾಜ್ಯವಾದರೂ ಸರಿ” ಎಂದ.

“ಸೆರೆಯಲ್ಲಿದ್ದೋರನ್ನ ಬಿಡಿ. ತೋಟದ ಬೀಗ ತೆಗೀರಿ. ಅಷ್ಟು ಸಾಕು.”

ಅಂದೇ ಕದ ತೆರೆಯಿತು. ಜವರ ನೀರು ತಂದ. ರಾಜ ತನ್ನ ಕೈಯಾರೆ ಬಾನಿ ತುಂಬಿದ. ಮನುಷ್ಯರಿಗೆ ಹೆದರಿ ಅಳಿಲುಗಳು ಕೊಂಬೆಯಲ್ಲೇ ಉಳಿದವು. ರಾಜ ದೂರ ಸರಿದು, ದೇವರ ಮುಂದೆ ಕೂರುವಂತೆ ಮಣ್ಣಲ್ಲಿ ಕೂತ. ಅವು ಇಳಿದು ಬಂದು ಕುಡಿಯುವವರೆಗೂ ಕಾದ.